ಸೌದೆ ಕಡಿಯಲು ಎಂಥ ಕತ್ತಿ ಕೊಳ್ಳಲಿ?

ಓದುಗರ ಪ್ರಶ್ನೆ: "ಬೆಂಗಳೂರಿನ ಕೆಲಸ ಬಿಟ್ಟು ಸಾಗರ ತಾಲ್ಲೂಕಿನ ನಮ್ಮ ಹಳ್ಳಿಗೆ ಬಂದು ಎರಡು ವರ್ಷವಾಯಿತು. ಎರಡು ಎಕರೆ ಅಡಿಕೆ ತೋಟ ಇದೆ. ಬಚ್ಚಲ ಹಂಡೆಗೆ ಸೌದೆ, ಗಾಳಿಗೆ ಬಿದ್ದ ಅಕೇಶಿಯಾ ಕೊಂಬೆ, ಬೇಲಿಯ ಜಿಗ್ಗು, ಆಗಾಗ ಬಿದಿರು, ಎಲ್ಲವನ್ನೂ ಈಗ ನಾನೇ ಕಡಿಯಬೇಕು. ಅಪ್ಪನಿಗೆ ಕೈ ಸೋತಿದೆ. ಆನ್‌ಲೈನ್‌ನಲ್ಲಿ 1,299 ರೂಪಾಯಿಗೆ ಒಂದು ದೊಡ್ಡ ಚಾಕು ತರಿಸಿದ್ದೆ. ಹತ್ತು ಇಂಚಿನ ಸ್ಟೇನ್‌ಲೆಸ್ ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು, ಒಳಗೆ ಪೊಳ್ಳಾದ ಹಿಡಿ. ಮೂರನೇ ವಾರ ಒಣ ಕೊಂಬೆಗೆ ಹೊಡೆದಾಗ ಹಿಡಿಯ ಬುಡದಲ್ಲೇ ಮುರಿದು ಅಲಗು ಹಾರಿಹೋಯಿತು. ಹತ್ತು ಅಡಿ ದೂರದಲ್ಲಿ ಮಗಳು ಆಡುತ್ತಿದ್ದಳು. ಅವಳಿಗೆ ಏನೂ ಆಗಲಿಲ್ಲ. ಆದರೆ ಆವತ್ತಿನಿಂದ ಕತ್ತಿ ಎತ್ತಲು ಭಯ. ಪೇಟೆಯ ಅಂಗಡಿಯಲ್ಲಿ 450ಕ್ಕೆ ಕತ್ತಿ ಇದೆ. ಪಕ್ಕದೂರಿನ ಕಮ್ಮಾರರು ಲಾರಿ ಪಟ್ಟಿಯಲ್ಲಿ (ಲಾರಿಯ ಭಾರ ತಾಳುವ ಸ್ಪ್ರಿಂಗ್ ಉಕ್ಕಿನ ಪಟ್ಟಿ) ಮಾಡಿಕೊಡಲು 1,200 ಕೇಳುತ್ತಾರೆ. ಗೆಳೆಯ 2,800ರ ನೇಪಾಳಿ ಖುಕ್ರಿ ತಗೋ ಅನ್ನುತ್ತಾನೆ. ನನ್ನ ಕೈಯಲ್ಲಿರುವುದು 1,500. ಯಾವುದು ಸರಿ? ದಪ್ಪ ಇದ್ದಷ್ಟೂ ಒಳ್ಳೆಯದಾ? ಸ್ಟೇನ್‌ಲೆಸ್ ಕೆಟ್ಟದ್ದಾ? ಇಷ್ಟು ದೊಡ್ಡ ಕತ್ತಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಾ? ಮುರಿದದ್ದನ್ನು ವೆಲ್ಡಿಂಗ್ ಮಾಡಿಸಬಹುದಾ?"

ಉತ್ತರ:

ಮಗುವಿಗೆ ಏನೂ ಆಗಲಿಲ್ಲ ಎಂಬ ಸಾಲು ಓದಿದ ಮೇಲೆಯೇ ನನಗೆ ಉಳಿದ ಪತ್ರ ಓದಲು ಮನಸ್ಸು ಬಂದದ್ದು. ನಿಮ್ಮ ಭಯ ಸರಿಯಾದದ್ದೇ. ಆದರೆ ಅದು ಕತ್ತಿಯ ಮೇಲಿನ ಭಯ ಆಗಬೇಕಿಲ್ಲ. ಒಂದು ಕೆಟ್ಟ ಜೋಡಣೆಯ ಮೇಲಿನ ಭಯ ಆದರೆ ಸಾಕು. ನಾನು 26 ವರ್ಷ ಉಕ್ಕಿಗೆ ಹದ ಕೊಡುವ, ಅಂದರೆ ಕಾಯಿಸಿ ಅದ್ದಿ ಬೇಕಾದಷ್ಟೇ ಗಡಸು ಮಾಡುವ ಕೆಲಸ ಮಾಡಿದವನು. ಮುರಿದು ಬಂದ ಉಕ್ಕನ್ನು ನೋಡಿ ಯಾಕೆ ಮುರಿಯಿತು ಎಂದು ಹೇಳುವುದೇ ಅದರಲ್ಲಿ ಅರ್ಧ ಕೆಲಸ. ಹಾಗಾಗಿ ನೀವು ಕಳಿಸಿದ ಫೋಟೋದಿಂದಲೇ ಶುರು ಮಾಡುತ್ತೇನೆ.

ಮುರಿದ ಮುಖವನ್ನು ಇನ್ನೊಮ್ಮೆ ಬಿಸಿಲಿಗೆ ಹಿಡಿದು ನೋಡಿ. ಹೆಚ್ಚಿನ ಭಾಗ ಸಕ್ಕರೆ ಹರಳಿನ ಹಾಗೆ ಮಿನುಗುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಉಗುರಿನಷ್ಟು ಜಾಗ ಕಂದು ಬಣ್ಣಕ್ಕೆ ತಿರುಗಿದೆ. ಆ ಕಂದು ಎಂದರೆ ತುಕ್ಕು. ಈಗ ತಾನೇ ಮುರಿದ ಜಾಗಕ್ಕೆ ತುಕ್ಕು ಎಲ್ಲಿಂದ ಬರಬೇಕು? ಅಂದರೆ ಬಿರುಕು ಅಲ್ಲಿ ಮುಂಚೆಯೇ ಇತ್ತು, ಹಿಡಿಯೊಳಗೆ ಕಾಣದೆ ಕೂತಿತ್ತು, ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಬೆಳೆಯುತ್ತಿತ್ತು. ನೀವು ಕೊನೆಯ ಏಟು ಹೊಡೆದಿರಿ, ಅಷ್ಟೇ. ನೀವು ತಪ್ಪಾಗಿ ಹೊಡೆದದ್ದರಿಂದ ಮುರಿದದ್ದಲ್ಲ.

ಬಿರುಕು ಅಲ್ಲೇ ಯಾಕೆ ಹುಟ್ಟಿತು? ಬಟ್ಟೆ ಅಂಗಡಿಯವರು ಬಟ್ಟೆ ಹರಿಯುವುದನ್ನು ನೋಡಿದ್ದೀರಲ್ಲ. ಮೊದಲು ಅಂಚಿಗೆ ಕತ್ತರಿಯಿಂದ ಒಂದು ಚಿಕ್ಕ ಕಚ್ಚು ಹಾಕುತ್ತಾರೆ. ಆಮೇಲೆ ಎಳೆದರೆ ಬಟ್ಟೆ ಅಲ್ಲಿಂದಲೇ ಸರ್ರೆಂದು ಹರಿಯುತ್ತದೆ. ಕಚ್ಚು ಇಲ್ಲದೆ ಎಳೆದರೆ ಎಷ್ಟು ಜಗ್ಗಿದರೂ ಬರುವುದಿಲ್ಲ. ಉಕ್ಕೂ ಹಾಗೆಯೇ. ನಿಮ್ಮ ಚಾಕುವಿನಲ್ಲಿ ಎರಡು ಇಂಚು ಅಗಲದ ಅಲಗು ಹಿಡಿಯ ಹತ್ತಿರ ಬಂದ ಕೂಡಲೇ ಬೆರಳಿಗಿಂತ ಸಣ್ಣ ಬೋಲ್ಟ್ ಆಗಿಬಿಡುತ್ತದೆ. ಅಗಲ ಸಣ್ಣದಾಗುವ ಜಾಗದಲ್ಲಿ ಚೂಪಾದ ಒಳಮೂಲೆ ಇದೆ. ಏಟಿನ ಬಲವೆಲ್ಲಾ ಬಂದು ಕೂಡುವುದು ಆ ಮೂಲೆಯಲ್ಲಿ. ಹಿಡಿ ಪೊಳ್ಳು ಮಾಡಿ ಒಳಗೆ ಬೆಂಕಿಪೊಟ್ಟಣ, ಗಾಳದ ದಾರ ಇಡಲು ಜಾಗ ಬಿಟ್ಟಿದ್ದಾರೆ. ಆ ಜಾಗ ನಿಜವಾಗಿ ಉಕ್ಕಿಗೆ ಸೇರಬೇಕಾದದ್ದು. ಬೆನ್ನಿನ ಗರಗಸದ ಹಲ್ಲುಗಳೂ ಒಂದೊಂದು ಕಚ್ಚೇ. ಅವುಗಳಿಂದ ಮರ ಕೊಯ್ಯಲೂ ಆಗುವುದಿಲ್ಲ. ನಿಜವಾದ ಗರಗಸದ ಹಲ್ಲನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸಿರುತ್ತಾರೆ. ಆಗ ಸೀಳು ಅಗಲವಾಗಿ ಅಲಗು ಸಿಕ್ಕಿಕೊಳ್ಳುವುದಿಲ್ಲ. ಇಲ್ಲಿ ಹಲ್ಲು ನೇರ ಇದೆ, ಎರಡು ಎಳೆತಕ್ಕೆ ಸಿಕ್ಕಿಬೀಳುತ್ತದೆ.

ಈಗ ಜನ ಹೇಳುವ ಮಾತುಗಳಿಗೆ ಬರೋಣ. ನಿಮ್ಮ ಪತ್ರದಲ್ಲೇ ಒಂದೆರಡು ಇವೆ.

"ದಪ್ಪ ಇದ್ದಷ್ಟೂ ಒಳ್ಳೆಯದು." ಇದು ಅರ್ಧ ನಿಜ. ಕತ್ತಿಯ ತೂಕ ಎರಡು ಪಟ್ಟಾದರೆ ಏಟಿನ ಬಲವೂ ಎರಡು ಪಟ್ಟು. ಆದರೆ ಬೀಸುವ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಭಾರದ ಕತ್ತಿಯನ್ನು ಮೊದಲ ಹತ್ತು ಏಟು ಜೋರಾಗಿ ಬೀಸಬಹುದು. ಐವತ್ತನೇ ಏಟಿಗೆ ಕೈ ನಿಧಾನವಾಗುತ್ತದೆ, ಗುರಿ ತಪ್ಪುತ್ತದೆ. ನಾನು ನೋಡಿದ ಗಾಯಗಳಲ್ಲಿ ಜಾಸ್ತಿ ಆದದ್ದು ಸುಸ್ತಾದ ಕೈಯಿಂದ. ಇನ್ನೊಂದು ವಿಷಯ ಏನೆಂದರೆ, ಕತ್ತಿ ಮರದೊಳಗೆ ಎಷ್ಟು ಇಳಿಯುತ್ತದೆ ಎಂಬುದನ್ನು ಬೆನ್ನಿನ ದಪ್ಪ ತೀರ್ಮಾನಿಸುವುದಿಲ್ಲ. ಬಾಯಿಯಿಂದ, ಅಂದರೆ ಹರಿತದ ಅಂಚಿನಿಂದ, ಅರ್ಧ ಇಂಚು ಮೇಲೆ ಎಷ್ಟು ದಪ್ಪ ಇದೆ ಎಂಬುದು ಮುಖ್ಯ. ಅಲ್ಲಿ ದಪ್ಪ ಇದ್ದರೆ ಬೆಣೆ ಹೊಡೆದ ಹಾಗೆ ಆಗಿ, ಕತ್ತಿ ಚಿಮ್ಮಿ ಹಿಂದಕ್ಕೆ ಬರುತ್ತದೆ. ನಿಮ್ಮ ಕೆಲಸಕ್ಕೆ ಬೆನ್ನು 5ರಿಂದ 6 ಮಿ.ಮೀ ಇದ್ದು, ಅಲ್ಲಿಂದ ಬಾಯಿಯ ಕಡೆಗೆ ಸಪೂರವಾಗುತ್ತಾ ಬಂದಿರಬೇಕು. ತೂಕ ಹಿಡಿ ಸೇರಿ ಮುಕ್ಕಾಲು ಕೆಜಿಯ ಆಸುಪಾಸು. ಅದಕ್ಕಿಂತ ಹೆಚ್ಚು ಬೇಡ.

"ಅಯಸ್ಕಾಂತ ಹಿಡಿದರೆ ಒಳ್ಳೆ ಉಕ್ಕು." ಇದಕ್ಕೆ ಅರ್ಥವೇ ಇಲ್ಲ. ಕಿಟಕಿ ಸರಳಿನ ಮೆತ್ತನೆಯ ಕಬ್ಬಿಣಕ್ಕೂ ಅಯಸ್ಕಾಂತ ಅಂಟುತ್ತದೆ. ಅಗ್ಗದ ಸ್ಟೇನ್‌ಲೆಸ್ ಚಾಕುವಿಗೂ ಅಂಟುತ್ತದೆ. "ತಟ್ಟಿದರೆ ಗಂಟೆಯ ಹಾಗೆ ನಾದ ಬರಬೇಕು" ಎನ್ನುವವರೂ ಇದ್ದಾರೆ. ಇದರಲ್ಲಿ ಒಂದು ಎಳೆ ನಿಜ ಇದೆ. ಸದ್ದು ಬೊದ್ದಾಗಿದ್ದರೆ ಎಲ್ಲೋ ಬಿರುಕು ಇರಬಹುದು, ಇಲ್ಲವೇ ಹಿಡಿ ಸಡಿಲ ಇರಬಹುದು. ಆದರೆ ಒಳ್ಳೆಯ ನಾದ ಬಂದ ಮಾತ್ರಕ್ಕೆ ಹದ ಸರಿ ಇದೆ ಎಂದಲ್ಲ.

ಸ್ಟೇನ್‌ಲೆಸ್ ಎಂದರೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅಡುಗೆಮನೆಗೆ, ಮೀನು ಕೊಯ್ಯಲು ಅದು ಬಹಳ ಒಳ್ಳೆಯದು. ಆದರೆ ಮರಕ್ಕೆ ಏಟು ಹೊಡೆಯುವ ಕತ್ತಿಗೆ ಗಡಸುತನದ ಜೊತೆ ಬಾಗಿ ತಾಳಿಕೊಳ್ಳುವ ಗುಣವೂ ಬೇಕು. ಆ ಗುಣ ಸಾದಾ ಇಂಗಾಲದ ಉಕ್ಕಿನಲ್ಲಿ, ಸ್ಪ್ರಿಂಗ್ ಉಕ್ಕಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಸ್ಟೇನ್‌ಲೆಸ್‌ನಲ್ಲಿ ಅದೇ ಗುಣ ಬೇಕಾದರೆ ದುಬಾರಿ ಬಗೆಯ ಉಕ್ಕು, ದುಬಾರಿ ಹದ ಎರಡೂ ಬೇಕು. 1,500 ರೂಪಾಯಿಯಲ್ಲಿ ಅದು ಆಗುವ ಮಾತಲ್ಲ. ತುಕ್ಕು ಒರೆಸಿದರೆ ಹೋಗುತ್ತದೆ, ಮುರಿದದ್ದು ಕೂಡುವುದಿಲ್ಲ.

ಆನ್‌ಲೈನ್‌ನಲ್ಲಿ ಅಲೆ ಅಲೆ ಗೆರೆ ಇರುವ ‘ಡಮಾಸ್ಕಸ್’ ಚಾಕುಗಳೂ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಹಳೆಯ ಕಾಲದ ಡಮಾಸ್ಕಸ್ ಕತ್ತಿಗಳಿಗೆ ಮೂಸೆಯಲ್ಲಿ ಕರಗಿಸಿದ ದಕ್ಷಿಣ ಭಾರತದ ಉಕ್ಕು ಹೋಗುತ್ತಿತ್ತು. ಇಂಗ್ಲಿಷರು ಅದನ್ನು ‘ವೂಟ್ಜ್’ ಎಂದು ಕರೆದರು. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದು ಎಂದು ಬಹಳ ಜನ ವಿದ್ವಾಂಸರು ಒಪ್ಪುತ್ತಾರೆ. ಈಗ ಮಾರುವುದು ಅದಲ್ಲ. ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು ಆಸಿಡ್‌ನಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ಕೈಪಳಗಿದವರು ಮಾಡಿದರೆ ಅದೂ ಚೆನ್ನಾಗಿಯೇ ಇರುತ್ತದೆ. ಅಗ್ಗದ್ದರಲ್ಲಿ ಗೆರೆ ಮಾತ್ರ ಇರುತ್ತದೆ. ಸೌದೆ ಕಡಿಯಲು ಗೆರೆಯಿಂದ ಏನೂ ಉಪಯೋಗವಿಲ್ಲ.

ಇನ್ನು ಹದದ ವಿಷಯ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಸ್ವಲ್ಪ ತಾಳ್ಮೆಯಿಂದ ಓದಿ.

ಒಂದೇ ಲಾರಿ ಪಟ್ಟಿಯಿಂದ ಎರಡು ಕತ್ತಿ ಮಾಡಬಹುದು. ಒಂದು ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ, ಇನ್ನೊಂದು ಮೊದಲ ದಿನವೇ ಗಾಜಿನ ಹಾಗೆ ಚಕ್ಕೆ ಎದ್ದು ಹೋಗುತ್ತದೆ. ಉಕ್ಕು ಎರಡಕ್ಕೂ ಒಂದೇ, ಹದ ಬೇರೆ. ಲಾರಿ ಪಟ್ಟಿಯ ಉಕ್ಕಿನಲ್ಲಿ ನೂರಕ್ಕೆ ಅರ್ಧ ಪಾಲಿನಿಂದ 0.6ರಷ್ಟು ಇಂಗಾಲ ಇರುತ್ತದೆ. ಇಎನ್ 45, ಎಸ್‌ಯುಪಿ 9 ಎಂದು ಗುಜರಿಯವರು, ಗ್ಯಾರೇಜಿನವರು ಹೇಳುವುದು ಇಂಥದ್ದನ್ನೇ. ಕಿಟಕಿ ಸರಳಿನ ಕಬ್ಬಿಣದಲ್ಲಿ ಇಂಗಾಲ ಇದರ ಅರ್ಧವೂ ಇರುವುದಿಲ್ಲ. ಹಾಗಾಗಿ ಅದಕ್ಕೆ ಎಷ್ಟು ಕಾಯಿಸಿ ಅದ್ದಿದರೂ ಕತ್ತಿಯ ಗಡಸು ಬರುವುದಿಲ್ಲ.

ಸ್ಪ್ರಿಂಗ್ ಉಕ್ಕನ್ನು ಅಯಸ್ಕಾಂತ ಅಂಟದಷ್ಟು, ಅದಕ್ಕಿಂತ ಒಂಚೂರು ಮೇಲಕ್ಕೆ ಕಾಯಿಸಬೇಕು. ಸುಮಾರು 850 ಡಿಗ್ರಿ. ನೆರಳಿನಲ್ಲಿ ನೋಡಿದರೆ ಕಿತ್ತಳೆಯ ಕಡೆಗೆ ವಾಲುವ ಕೆಂಪು. ಆಗ ತಟ್ಟನೆ ಎಣ್ಣೆಯಲ್ಲಿ ಅದ್ದಿದರೆ ಗಡಸಾಗುತ್ತದೆ. ಎಷ್ಟು ಗಡಸು ಎಂದರೆ, ಆ ಸ್ಥಿತಿಯಲ್ಲಿ ಕೆಳಗೆ ಬಿದ್ದರೂ ಒಡೆಯಬಹುದು. ಇದು ಅರ್ಧ ಕೆಲಸ. ಉಳಿದ ಅರ್ಧ, ಅದನ್ನು ಮತ್ತೆ ಹಗುರಾಗಿ ಕಾಯಿಸಿ ಸ್ವಲ್ಪ ಮೆತ್ತಗೆ ಮಾಡುವುದು. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕನ್ನು ಕಾಯಿಸುತ್ತಾ ಹೋದರೆ ಬಣ್ಣ ಬದಲಾಗುತ್ತದೆ. ಮೊದಲು ಒಣಹುಲ್ಲಿನ ಹಳದಿ, ಅದು ಸುಮಾರು 220 ಡಿಗ್ರಿ. ಆಮೇಲೆ ಕಂದು, 280ರ ಹತ್ತಿರ ನೇರಳೆ, 300 ದಾಟಿದರೆ ನೀಲಿ. ಕ್ಷೌರದ ಕತ್ತಿಗೆ ಹಳದಿಯಲ್ಲೇ ನಿಲ್ಲಿಸಬೇಕು. ಮರ ಕಡಿಯುವ ಕತ್ತಿಗೆ ನೇರಳೆಯವರೆಗೆ ಬರಬೇಕು. ನೀಲಿ ಅಂಚಿಗೆ ಬಂದರೂ ಚಿಂತೆಯಿಲ್ಲ.

ನಮ್ಮ ಕಮ್ಮಾರರಲ್ಲಿ ಹಳಬರು ಇದನ್ನು ಒಂದೇ ಕಾವಿನಲ್ಲಿ ಮಾಡುತ್ತಾರೆ. ಅದನ್ನು ನೋಡುವುದೇ ಒಂದು ಸಂತೋಷ. ಇಡೀ ಅಲಗು ಕೆಂಪಾದಾಗ ಬಾಯಿಯ ಕಡೆ ಮಾತ್ರ ಅದ್ದುತ್ತಾರೆ. ಬೆನ್ನು ಇನ್ನೂ ಕಾದೇ ಇರುತ್ತದೆ. ಹೊರಗೆ ತೆಗೆದು ಕಲ್ಲಿನ ಚೂರಿನಿಂದ ಬಾಯಿಯನ್ನು ಸರಸರ ಉಜ್ಜಿ ಬೆಳ್ಳಗೆ ಮಾಡಿ ಸುಮ್ಮನೆ ನೋಡುತ್ತಾ ನಿಲ್ಲುತ್ತಾರೆ. ಬೆನ್ನಿನ ಕಾವು ನಿಧಾನಕ್ಕೆ ಬಾಯಿಗೆ ಇಳಿದು ಬರುತ್ತದೆ. ಹಳದಿ, ಕಂದು, ನೇರಳೆ. ನೇರಳೆ ಬಾಯಿಯ ಅಂಚು ಮುಟ್ಟಿತು ಎನ್ನುವಾಗ ಪೂರ್ತಿ ಅದ್ದಿ ನಿಲ್ಲಿಸುತ್ತಾರೆ. ಹೀಗೆ ಮಾಡಿದ ಕತ್ತಿಯ ಬಾಯಿ ಗಡಸು, ಬೆನ್ನು ಮೆತ್ತಗೆ. ಬಾಯಿ ಕಡಿಯುತ್ತದೆ, ಬೆನ್ನು ಏಟು ತಾಳುತ್ತದೆ. 26 ವರ್ಷ ಥರ್ಮೋಮೀಟರ್, ಕುಲುಮೆ, ಎಣ್ಣೆ ತೊಟ್ಟಿಗಳ ನಡುವೆ ಇದ್ದ ನನಗೆ ಈ ಕಣ್ಣಳತೆಯ ಮೇಲೆ ತುಂಬಾ ಗೌರವ ಇದೆ.

ಹಾಗಾದರೆ ನೀವು ಕೇಳಿದ ಮೂರು ದಾರಿಗಳಲ್ಲಿ ನಿಮಗೆ ಯಾವುದು?

ನನ್ನ ಮೊದಲ ಆಯ್ಕೆ ಪಕ್ಕದೂರಿನ ಕಮ್ಮಾರರು. ಅದರಲ್ಲೂ ಅಪಾಯ ಇಲ್ಲವೆಂದಲ್ಲ. ಲಾರಿ ಪಟ್ಟಿ ಲಕ್ಷಾಂತರ ಸಲ ಬಾಗಿ ಬಾಗಿ ದಣಿದಿರುತ್ತದೆ. ಕಣ್ಣಿಗೆ ಕಾಣದ ಬಿರುಕು ಇರಬಹುದು. ನಡುವಿನ ಬೋಲ್ಟ್ ತೂತಿನ ಸುತ್ತ ಇರುವ ಸಾಧ್ಯತೆ ಜಾಸ್ತಿ. ಪಟ್ಟಿಯ ತುದಿಯ ಕಡೆಯ ತುಂಡನ್ನೇ ಬಳಸಲು ಹೇಳಿ. ದಪ್ಪ ಲಾರಿ ಪಟ್ಟಿಗಿಂತ ಜೀಪಿನ ಪಟ್ಟಿ ಸಿಕ್ಕರೆ ಅವರಿಗೂ ಬಡಿಯುವ ಕೆಲಸ ಕಡಿಮೆ, ನಿಮಗೂ ತೂಕ ಕಡಿಮೆ. ಎರಡನೇ ಅಪಾಯ ನೀರು. ಈ ಉಕ್ಕನ್ನು ತಣ್ಣೀರಲ್ಲಿ ಅದ್ದಿದರೆ ಸೀಳುವ ಸಂಭವ ಇದೆ. ಎಣ್ಣೆ ಸುರಕ್ಷಿತ. ಹಳಬರು ನೀರಲ್ಲೇ ಬಾಯಿಯನ್ನಷ್ಟೇ ಅದ್ದಿ ಗೆದ್ದುಕೊಂಡು ಬರುತ್ತಾರೆ, ಅದು ಕೈಪಳಗಿದ ಮಾತು. ಮೂರನೆಯದು ಹೊಸ ತಲೆಮಾರಿನ ಅವಸರ. ಅದ್ದಿ ಗಡಸು ಮಾಡಿ, ಮತ್ತೆ ಕಾಯಿಸದೆ ಕೊಟ್ಟುಬಿಡುವುದು. ಅಂಥ ಕತ್ತಿ ಮೊದಲ ವಾರ ಅದ್ಭುತವಾಗಿ ಕಡಿಯುತ್ತದೆ, ಆಮೇಲೆ ಬಾಯಿ ಹಲ್ಲು ಹಲ್ಲಾಗುತ್ತದೆ.

ಅದಕ್ಕೇ ಹೋಗಿ ಕೇಳಿ. ಗೌರವದಿಂದ ಕೇಳಿ. "ಅಣ್ಣಾ, ಹದ ಯಾವ ಬಣ್ಣಕ್ಕೆ ನಿಲ್ಲಿಸ್ತೀರಿ? ನಾನು ನಿಂತು ನೋಡಬಹುದಾ?" ಗೊತ್ತಿದ್ದವರು ಖುಷಿಯಿಂದ ತೋರಿಸುತ್ತಾರೆ. ಪಟ್ಟಿಯನ್ನು ಕಾಯಿಸದೆ ಬರೀ ಗ್ರೈಂಡರ್‌ನಲ್ಲಿ ಕೊರೆದು ಕತ್ತಿ ಮಾಡುತ್ತೇವೆ ಎಂದರೂ ಹೆದರಬೇಡಿ. ಪಟ್ಟಿಗೆ ಕಾರ್ಖಾನೆಯಲ್ಲೇ ಸ್ಪ್ರಿಂಗ್‌ನ ಹದ ಬಂದಿರುತ್ತದೆ. ಅಂಥ ಕತ್ತಿಯ ಹರಿತ ಬೇಗ ಹೋಗುತ್ತದೆ, ಪದೇ ಪದೇ ಮಸೆಯಬೇಕು. ಆದರೆ ಮುರಿಯುವುದು ಅಪರೂಪ. ಕೊರೆಯುವಾಗ ಅಲಗಿನ ಬಾಯಿ ನೀಲಿಗೆ ತಿರುಗದ ಹಾಗೆ ಮತ್ತೆ ಮತ್ತೆ ನೀರಿಗೆ ಅದ್ದುತ್ತಿರಬೇಕು, ಅಷ್ಟೇ.

ಆಕಾರದ ಬಗ್ಗೆ ಹೊಸದೇನೂ ಹುಡುಕಬೇಡಿ. ಮಲೆನಾಡಿನ ಕತ್ತಿಯ ಮೂತಿ ಮುಂದಕ್ಕೆ ಬಾಗಿರುತ್ತದಲ್ಲ, ಅದು ಚಂದಕ್ಕೆ ಮಾಡಿದ್ದಲ್ಲ. ಭಾರ ಕೈಯಿಂದ ದೂರ, ಏಟು ಬೀಳುವ ಜಾಗದ ಹತ್ತಿರ ಇರಲಿ ಎಂದು. ಬಾಗಿದ ಮೂತಿಯಿಂದ ಜಿಗ್ಗನ್ನು ಹತ್ತಿರಕ್ಕೆ ಎಳೆದುಕೊಳ್ಳಲೂ ಆಗುತ್ತದೆ. ಖುಕ್ರಿಯ ನಡು ಬಾಗಿರುವುದೂ ಭಾರ ಮುಂದಿರಲಿ ಎಂದೇ. ಕೊಡಗಿನ ಒಡಿಕತ್ತಿಯಲ್ಲೂ ಅದೇ ಉಪಾಯ ಇದೆ. ಆದರೆ ಕೊಡವರ ಮದುವೆಯಲ್ಲಿ ಆ ಕತ್ತಿಯಿಂದ ಬಾಳೆ ಕಡಿಯಲು ಬೇಕಾದ ಬಾಯಿಯೇ ಬೇರೆ, ಒಣ ಅಕೇಶಿಯಾಕ್ಕೆ ಬೇಕಾದ ಬಾಯಿಯೇ ಬೇರೆ. ಬಾಳೆ ಕಡಿಯುವ ಸಪೂರ ಬಾಯಿಯಿಂದ ಒಣ ಗಂಟಿಗೆ ಹೊಡೆದರೆ ಬಾಯಿ ಮಡಚಿಕೊಳ್ಳುತ್ತದೆ.

ಅಂಗಡಿಯ 450ರ ಕತ್ತಿಯನ್ನೂ ತಳ್ಳಿಹಾಕಬೇಡಿ. ಅವುಗಳಲ್ಲಿ ಚೆನ್ನಾಗಿರುವುದೂ ಸಿಗುತ್ತದೆ, ತಗಡಿನಂಥದ್ದೂ ಸಿಗುತ್ತದೆ. ಹೊಸ ಅರ (ಕಬ್ಬಿಣ ಉಜ್ಜುವ ಫೈಲ್) ಒಂದನ್ನು ಜೇಬಲ್ಲಿ ಇಟ್ಟುಕೊಂಡು ಹೋಗಿ. ಅಂಗಡಿಯವರ ಒಪ್ಪಿಗೆ ಕೇಳಿ ಬಾಯಿಯ ಹಿಂದಿನ ಮೂಲೆಯಲ್ಲಿ ಒಂದು ಸಲ ಎಳೆಯಿರಿ. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಕತ್ತಿ ವಿಪರೀತ ಗಡಸು, ಚಕ್ಕೆ ಏಳುತ್ತದೆ. ಒತ್ತದೆಯೇ ಪುಡಿ ಪುಡಿ ಕಿತ್ತು ಬಂದರೆ ಹದವೇ ಇಲ್ಲ. ಸ್ವಲ್ಪ ಒತ್ತಿದಾಗ ಕಚ್ಚಬೇಕು, ಅದೇ ಸರಿ. ಮನೆಗೆ ತಂದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಪೆನ್ಸಿಲ್ ದಪ್ಪದ ಹಿತ್ತಾಳೆ ಕಂಬಿಯ ಮೇಲೆ ಕತ್ತಿಯ ಬಾಯಿಯನ್ನು ಓರೆಯಾಗಿ ಇಟ್ಟು ಮೆಲ್ಲಗೆ ಒತ್ತಿ. ಬೆಳಕಿನಲ್ಲಿ ನೋಡಿದರೆ ಬಾಯಿ ಕೂದಲೆಳೆಯಷ್ಟು ಬಾಗುವುದು ಕಾಣುತ್ತದೆ. ಒತ್ತಡ ಬಿಟ್ಟ ಕೂಡಲೇ ನೇರ ಆದರೆ ಹದ ಸರಿ. ಬಾಗಿದ ಹಾಗೇ ಉಳಿದರೆ ಮೆತ್ತಗೆ. ಪುಟಾಣಿ ಚಕ್ಕೆ ಹಾರಿದರೆ ಗಡಸು.

ಖುಕ್ರಿ ಒಳ್ಳೆಯ ಆಯುಧ. ನೇಪಾಳದಲ್ಲಿ ಅದನ್ನೂ ಹಳೆಯ ಗಾಡಿ ಪಟ್ಟಿಯಿಂದಲೇ ತಟ್ಟುತ್ತಾರೆ. ಅಂದರೆ ನಿಮ್ಮ ಗೆಳೆಯರು 2,800ಕ್ಕೆ ಹೇಳುತ್ತಿರುವುದು, ನಿಮ್ಮ ಪಕ್ಕದೂರಿನವರು 1,200ಕ್ಕೆ ಮಾಡುವುದು, ಎರಡರ ಉಕ್ಕೂ ಒಂದೇ ಜಾತಿಯದು. ಪ್ರವಾಸಿಗರಿಗೆ ಮಾರುವ ಹೊಳಪಿನ ಖುಕ್ರಿಗಳಲ್ಲಿ ಹದ ನಂಬುವಂತಿರುವುದಿಲ್ಲ. ಬ್ರೆಜಿಲ್, ಎಲ್ ಸಾಲ್ವಡಾರ್‌ಗಳ ಉದ್ದನೆಯ ಮಚೆಟೆಗಳೂ ಸಿಗುತ್ತವೆ. ಎರಡು ಮೂರು ಮಿ.ಮೀ ದಪ್ಪದ ಆ ಅಲಗು ಹಸಿ ಸೊಪ್ಪು, ಹುಲ್ಲು, ಬೇಲಿ ಸವರಲು ತುಂಬಾ ಚೆನ್ನ. ಒಣ ಮರಕ್ಕೆ ಹೊಡೆದರೆ ಅಲಗು ನಡುಗಿ ಕೈಗೆ ಏಟು ಬರುತ್ತದೆ.

ನೀವು ಕೇಳದೇ ಇದ್ದ ಒಂದು ದಾರಿಯೂ ಇದೆ. ಅಟ್ಟ ಹುಡುಕಿ. ಅಪ್ಪನ ಹಳೆಯ ಕತ್ತಿ, ಅಜ್ಜನ ಕತ್ತಿ ಎಲ್ಲಾದರೂ ತುಕ್ಕು ಹಿಡಿದು ಬಿದ್ದಿರಬಹುದು. ಹಳೆಯ ಕತ್ತಿಗಳಲ್ಲಿ ಎಷ್ಟೋ ಸಲ ಮೈ ಕಬ್ಬಿಣದ್ದು, ಬಾಯಿಗೆ ಮಾತ್ರ ಉಕ್ಕು ಬೆಸೆದದ್ದು. ಮೇಲಿನ ತುಕ್ಕಿಗೆ ಹೆದರಬೇಡಿ. ಬಾಯಿಯಲ್ಲಿ ಉಕ್ಕು ಇನ್ನೂ ಉಳಿದಿದ್ದರೆ ಕುಲುಮೆಗೆ ಕೊಟ್ಟು ತಟ್ಟಿಸಿ, ಹದ ಹಾಕಿಸಿ, ಹೊಸ ಹಿಡಿ ಕೂರಿಸಿ. ಹೊಸ ಕತ್ತಿಗಿಂತ ತುಂಬಾ ಕಡಿಮೆ ಖರ್ಚು. ಅಪ್ಪನಿಗೂ ಎಷ್ಟು ಖುಷಿ ಆಗಬಹುದು ನೋಡಿ.

ಹಿಡಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ನಿಮ್ಮ ಚಾಕು ಸೋತದ್ದೇ ಅಲ್ಲಿ. ಅಲಗಿನ ಅಷ್ಟೇ ಅಗಲದ ಉಕ್ಕು ಹಿಡಿಯ ಕೊನೆಯವರೆಗೂ ಬಂದಿರಲೇಬೇಕು ಎಂದು ಓದಿರಬಹುದು. ಅದು ಒಳ್ಳೆಯದೇ, ಆದರೆ ಕಡ್ಡಾಯ ಅಲ್ಲ. ನಮ್ಮ ಕತ್ತಿಗಳು ಸಪೂರ ಬಾಲವನ್ನೇ ಮರದ ಹಿಡಿಯೊಳಗೆ ಕೂರಿಸಿಕೊಂಡು ಎರಡು ಮೂರು ತಲೆಮಾರು ದುಡಿದಿವೆ. ಗುಟ್ಟು ಮೂರು. ಬಾಲ ಅಲಗಿನಿಂದಲೇ ಎಳೆದು ತಟ್ಟಿದ್ದಿರಬೇಕು, ಬೋಲ್ಟ್ ಬೆಸೆದದ್ದಲ್ಲ. ಅಲಗಿನಿಂದ ಬಾಲಕ್ಕೆ ಇಳಿಯುವ ಜಾಗ ದುಂಡಗಿರಬೇಕು, ಚೂಪು ಮೂಲೆ ಇರಬಾರದು. ಬಾಲ ಹಿಡಿಯ ಹಿಂದಿನಿಂದ ಹೊರಗೆ ಬಂದು, ತುದಿಯನ್ನು ಬಿಲ್ಲೆಯ ಮೇಲೆ ಮಡಚಿ ತಟ್ಟಿರಬೇಕು. ಬಾಲದ ಮೇಲೆ ಹದ ಬೇಡವೇ ಬೇಡ, ಅದು ಮೆತ್ತಗೇ ಇರಬೇಕು. ಹಿಡಿಯ ಮುಂದಿನ ಬಾಯಿಗೆ ಒಂದು ಕಬ್ಬಿಣದ ಇಲ್ಲವೇ ಹಿತ್ತಾಳೆಯ ಬಳೆ ಇದ್ದರೆ ಮರ ಸೀಳುವುದಿಲ್ಲ. ಒಳಗೆ ಅರಗು ಕಾಯಿಸಿ ಹಾಕಿದರೆ ನೀರು ಇಳಿಯುವುದಿಲ್ಲ.

ಬೇಸಿಗೆಯಲ್ಲಿ ಮರ ಒಣಗಿ ಹಿಡಿ ಸಡಿಲವಾಗುತ್ತದೆ. ಆಗ ಎಲ್ಲರೂ ಮಾಡುವ ಕೆಲಸ, ಕತ್ತಿಯನ್ನು ರಾತ್ರಿ ನೀರಲ್ಲಿ ನೆನೆ ಹಾಕುವುದು. ಬೆಳಿಗ್ಗೆ ಬಿಗಿಯಾಗಿಯೇ ಇರುತ್ತದೆ. ಆದರೆ ಉಬ್ಬಿದ ಮರದ ನಾರು ಉಕ್ಕಿಗೆ ಒತ್ತಿ ನಜ್ಜಾಗುತ್ತದೆ. ಒಣಗಿದ ಮೇಲೆ ಮುಂಚೆಗಿಂತ ಜಾಸ್ತಿ ಸಡಿಲ. ನೆನೆ ಹಾಕಬೇಡಿ, ಹಿಡಿ ಕಳಚಿ ಮತ್ತೆ ಅರಗು ಹಾಕಿಸಿ. ಕೆಲಸಕ್ಕೆ ಮುಂಚೆ ಪ್ರತಿದಿನ ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಅಲಗಿನ ಬೆನ್ನು ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿ. ಕಟಕ್ ಎಂದರೆ ಆ ದಿನ ಕಡಿಯುವುದು ಬೇಡ.

ಇಷ್ಟೆಲ್ಲಾ ಹೇಳಿ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಕತ್ತಿಯಿಂದ ಕೊಂಬೆ ಕಡಿಯಬಹುದು. ಹಲಸಿನ ದಿಮ್ಮಿ, ಜಂಬೆಯ ಬೊಡ್ಡೆ ಸೀಳುವುದು ಕೊಡಲಿಯ ಕೆಲಸ. ಕೊಡಲಿಯ ಕೆನ್ನೆ ದಪ್ಪ, ಅದು ಮರವನ್ನು ಎರಡೂ ಕಡೆಗೆ ತಳ್ಳಿ ಸೀಳುತ್ತದೆ. ಹಿಡಿ ಉದ್ದ, ಎರಡೂ ಕೈ ಕೂಡುತ್ತದೆ. ಕತ್ತಿಯನ್ನು ದಿಮ್ಮಿಯ ಮೇಲೆ ಇಟ್ಟು ಬೆನ್ನಿಗೆ ಸುತ್ತಿಗೆಯಿಂದ ಬಡಿಯುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಮರದ ಕೊಡತಿಯಿಂದ, ಮಣಿಕಟ್ಟಿನಷ್ಟು ದಪ್ಪದ ತುಂಡಿಗೆ ಆದರೆ ಪರವಾಗಿಲ್ಲ. ಕಬ್ಬಿಣದ ಸುತ್ತಿಗೆ ಬೇಡವೇ ಬೇಡ, ಚೂರು ಹಾರಿ ಕಣ್ಣಿಗೆ ಬೀಳುತ್ತದೆ. ನಿಮ್ಮ 1,500ರಲ್ಲಿ ಕತ್ತಿಗೆ 1,200 ಹೋದರೆ ಉಳಿದದ್ದರಲ್ಲಿ ಒಂದು ಅರ, ಒಂದು ಮಸೆಗಲ್ಲು ಕೊಳ್ಳಿ. ಕೊಡಲಿ ಇಲ್ಲದಿದ್ದರೆ ಮುಂದಿನ ಸುಗ್ಗಿಯ ಹೊತ್ತಿಗೆ ಕೊಳ್ಳಬಹುದು.

ಮಸೆಯುವಾಗ ಕೋನ ಮುಖ್ಯ. ಹಾಳೆಯ ಮೂಲೆಯನ್ನು ಒಮ್ಮೆ ಸರಿಯಾಗಿ ಅರ್ಧಕ್ಕೆ ಮಡಚಿದರೆ 45 ಡಿಗ್ರಿ ಸಿಗುತ್ತದೆ. ಒಣ ಮರಕ್ಕೆ ಬಾಯಿಯ ಎರಡೂ ಮಗ್ಗುಲು ಸೇರಿ ಅದಕ್ಕಿಂತ ಸ್ವಲ್ಪ ಕಡಿಮೆ, 35ರಿಂದ 40 ಇರಲಿ. ಬಾಯಿಯ ಹಿಂದೆ ಚಪ್ಪಟೆ ಬೇಡ, ಅಕ್ಕಿಕಾಳಿನ ಹೊಟ್ಟೆಯ ಹಾಗೆ ತುಸು ಉಬ್ಬಿದ್ದರೆ ಕತ್ತಿ ಮರದಲ್ಲಿ ಕಚ್ಚಿ ಕೂರುವುದಿಲ್ಲ. ಬಿದಿರು ಕಡಿದ ದಿನ ಹರಿತ ಬೇಗ ಹೋಗುತ್ತದೆ. ಬಿದಿರಿನ ಸಿಪ್ಪೆಯಲ್ಲಿ ಮರಳಿನಂಥ ಸಿಲಿಕಾ ಇದೆ, ಅದರಿಂದ. ಕತ್ತಿಯ ತಪ್ಪಲ್ಲ. ಚೊಗರು ತಾಗಿ ಅಲಗು ಕಪ್ಪಾಗುವುದಕ್ಕೂ ಚಿಂತೆ ಬೇಡ. ಕೆಂಪು ತುಕ್ಕು ಬಂದರೆ ಮಾತ್ರ ಉಜ್ಜಿ, ಒರೆಸಿ, ತೆಳುವಾಗಿ ಎಣ್ಣೆ ಸವರಿ ಇಡಿ.

ಕಡಿಯುವಾಗ ಕೊಂಬೆಯನ್ನು ಕೈಯಲ್ಲಿ ಎತ್ತಿ ಹಿಡಿಯಬೇಡಿ, ಕೊರಡಿನ ಮೇಲೆ ಇಡಿ. ಏಟು ತಪ್ಪಿದರೆ ಕತ್ತಿ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಆ ದಾರಿಯಲ್ಲಿ ನಿಮ್ಮ ಮೊಣಕಾಲು ಇರಬಾರದು. ನೇರ ಅಡ್ಡಕ್ಕೆ ಹೊಡೆಯುವ ಬದಲು ಓರೆಯಾಗಿ ಹೊಡೆದರೆ ಕಡಿಮೆ ಏಟಿನಲ್ಲಿ ಕೆಲಸ ಆಗುತ್ತದೆ. ಮಕ್ಕಳು ಕನಿಷ್ಠ ಮೂವತ್ತು ಅಡಿ ದೂರ ಇರಲಿ. ಅದೂ ಪಕ್ಕದಲ್ಲಿ ಬೇಡ, ಮನೆಯೊಳಗೇ ಇದ್ದರೆ ಇನ್ನೂ ಒಳ್ಳೆಯದು. ಗಾಯವಾದರೆ ಕಾಫಿಪುಡಿ, ಸುಣ್ಣ ತುಂಬಬೇಡಿ. ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ, ಟೆಟನಸ್ ಚುಚ್ಚುಮದ್ದಿನ ಬಗ್ಗೆ ಕೇಳಿ.

ಲೈಸೆನ್ಸ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬರುವ 2016ರ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಆದರೆ ಮನೆಗೆಲಸ, ಕೃಷಿ, ಕೈಗಾರಿಕೆಗೆಂದು ಮಾಡಿದವನ್ನು ಅದೇ ಸಾಲಿನಲ್ಲಿ ಹೊರಗಿಡುತ್ತವೆ. ತೋಟದ ಕತ್ತಿ ಕೃಷಿಯ ಸಾಧನ, ನಿಮ್ಮ ತೋಟದಲ್ಲಿ ಅದಕ್ಕೆ ಲೈಸೆನ್ಸ್ ಬೇಡ. ಅದೇ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಯ ಜಾತ್ರೆಗೆ ಹೋದರೆ ಪೊಲೀಸರು ಕೇಳುವುದು ಸಹಜ. ಕುಲುಮೆಗೆ ಒಯ್ಯುವಾಗ ಗೋಣಿಯಲ್ಲಿ ಸುತ್ತಿ ಒಯ್ಯಿರಿ. ಹಾಗೆಯೇ, ಬಿದ್ದ ಕೊಂಬೆ ಕಡಿಯುವುದು ಬೇರೆ, ನಿಂತ ಮರ ಉರುಳಿಸುವುದು ಬೇರೆ. ನಿಂತ ಮರಕ್ಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಯಾವುದಕ್ಕೆ ಎಂದು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಯೇ ಕೈ ಹಾಕಿ.

ಕೊನೆಗೆ ಆ ಮುರಿದ ಚಾಕು. ವೆಲ್ಡಿಂಗ್ ಮಾಡಿಸಬೇಡಿ. ಗಡಸು ಉಕ್ಕಿಗೆ ವೆಲ್ಡಿಂಗ್ ಹಾಕಿದರೆ ಬೆಸುಗೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಅದರ ಅಕ್ಕಪಕ್ಕದ ಒಂದು ಸಣ್ಣ ಪಟ್ಟಿ ಕೆಂಪಗೆ ಕಾದು ತಟ್ಟನೆ ಆರಿ ಗಾಜಿನಂತಾಗಿರುತ್ತದೆ. ಇನ್ನೊಂದು ಸಲ ಮುರಿದರೆ ಅಲ್ಲೇ ಮುರಿಯುವುದು, ಇನ್ನೊಂದು ಸಲ ಹಾರುವುದೂ ಅಲಗೇ. ಅದನ್ನು ಹಾಗೆಯೇ ಕಸಕ್ಕೂ ಹಾಕಬೇಡಿ, ಕಸ ಎತ್ತುವವರ ಕೈ ಕೊಯ್ಯುತ್ತದೆ. ಬಾಯಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ, ದಪ್ಪ ರಟ್ಟಿನಲ್ಲಿ ಸುತ್ತಿ ಕಟ್ಟಿ, ಗುಜರಿಗೆ ಕೊಡುವಾಗ ಒಳಗೆ ಏನಿದೆ ಎಂದು ಹೇಳಿ ಕೊಡಿ.